48ನೇ ವಿಧಿ: ಹಿಟ್ಲರ್‌ಗಿಂತ ಮೊದಲೇ ತೆರೆದಿದ್ದ ಬಾಗಿಲು

ಜರ್ಮನಿಯ ಪ್ರಜಾಪ್ರಭುತ್ವವನ್ನ ಹಿಟ್ಲರ್ ಒಬ್ಬನೇ ಮುಗಿಸಿದ ಅಂತ ನಾವು ಅಂದ್ಕೊಂಡಿರ್ತೀವಿ. ಆದರೆ 1930ರ ಜುಲೈ ನೋಡಿ. ಆರ್ಥಿಕ ಕುಸಿತದ ಕಾಲ, ನಿರುದ್ಯೋಗ ಏರ್ತಾ ಇತ್ತು. ಚಾನ್ಸಲರ್ ಬ್ರೂನಿಂಗ್ ತಂದ ಹಣಕಾಸು ಮಸೂದೆಯನ್ನ ಸಂಸತ್ತು ತಿರಸ್ಕರಿಸಿತು. ಅಧ್ಯಕ್ಷ ಹಿಂಡೆನ್‌ಬರ್ಗ್ ಸಂವಿಧಾನದ 48ನೇ ವಿಧಿ ಬಳಸಿ ಅದನ್ನೇ ತುರ್ತು ಆಜ್ಞೆ ಮಾಡಿದರು. ಸಂಸತ್ತು ಆಜ್ಞೆಯನ್ನ ರದ್ದು ಮಾಡಿತು. ಅವರು ಸಂಸತ್ತನ್ನೇ ವಿಸರ್ಜಿಸಿದರು!

ಸೆಪ್ಟೆಂಬರ್ ಚುನಾವಣೆಯಲ್ಲಿ ನಾಜಿಗಳ ಸೀಟು 12ರಿಂದ 107ಕ್ಕೆ ಏರಿತು. ಬಹುಮತ ಕೂಡಿಸೋದು ಇನ್ನೂ ಕಷ್ಟವಾಯ್ತು, ತುರ್ತು ಆಜ್ಞೆಯೇ ರೂಢಿಯಾಯ್ತು.

1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಅದೇ 48ನೇ ವಿಧಿಯಡಿ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ ಎರಡೂ ಹೋದವು. ಆ ವಿಧಿ ಹಿಟ್ಲರ್ ಬರೆದದ್ದಲ್ಲ. 1919ರ ಸಂವಿಧಾನದಲ್ಲೇ ಇತ್ತು. ಅದನ್ನ ಬಳಸೋದು ಜನರಿಗೂ ಆಗಲೇ ಮಾಮೂಲಾಗಿತ್ತು.