ಅಂಜುದೀವ

ಅಂಜುದೀವ (ಅಂಜದೀಪ, ಅಂಜೆದಿವಾ): ಕಾರವಾರದ ದಕ್ಷಿಣಕ್ಕೆ, ಬಿಣಗಾ ಮತ್ತು ಅರ್ಗಾ ಊರುಗಳ ಎದುರಿಗೆ ಅರಬ್ಬಿ ಸಮುದ್ರದಲ್ಲಿರುವ ನಡುಗಡ್ಡೆ. ವಿಸ್ತೀರ್ಣ ಸುಮಾರು 1.5 ಚದರ ಕಿ.ಮೀ. ಕಾಣುವುದು ಕರ್ನಾಟಕದ ದಡದಿಂದ, ಸೇರಿರುವುದು ಗೋವಾದ ಕಾಣಕೋಣ ತಾಲ್ಲೂಕಿಗೆ, ಉಸ್ತುವಾರಿ ನೌಕಾಪಡೆಯದು. ಒಂದು ಕಾಲಕ್ಕೆ ಇಲ್ಲಿ ದೇವಿಯ ಗುಡಿಯಿತ್ತು, ಸಿಹಿನೀರಿನ ಕೊಳವಿತ್ತು. ಈ ನಡುಗಡ್ಡೆಯ ಚರಿತ್ರೆಯೆಂದು ನಮಗೆ ಸಿಗುವುದು ಬಹುಪಾಲು ನೀರಿಗಾಗಿ ಹಡಗು ನಿಲ್ಲಿಸಿ, ಗುಡಿ ನೋಡಿ, ಮುಂದೆ ಹೋದವರು ಬರೆದಿಟ್ಟದ್ದು. ಇಲ್ಲೇ ಇದ್ದವರು ಬರೆದದ್ದು ಏನೂ ಉಳಿದಿಲ್ಲ. ಅವರಿಂದ ಉಳಿದದ್ದು ಒಬ್ಬ ದೇವಿ, ಅವಳೂ ಈಗ ಇಲ್ಲಿಲ್ಲ.

ವಿಜಯಪುರದ (ಅಂದಿನ ವಿಜಾಪುರದ) ಜೋರಾಪುರ ಪೇಟೆಯಲ್ಲಿ ಕುಳಿತು ಓದುವವರಿಗೆ ಕಡಲು ದೂರದ ಮಾತು ಅನಿಸಬಹುದು. ಆದರೆ ಆದಿಲಶಾಹಿಗಳ ರಾಜ್ಯ ಶುರುವಿನಲ್ಲೇ ಗೋವಾ ಬಂದರಿನವರೆಗೆ ಚಾಚಿತ್ತು. ಅರಬಸ್ತಾನದ ಕುದುರೆ ವಿಜಾಪುರದ ಲಾಯಕ್ಕೆ ಬರುತ್ತಿದ್ದುದೂ ಆ ದಾರಿಯಿಂದಲೇ. ಪೋರ್ಚುಗೀಸರು ಮತ್ತು ವಿಜಾಪುರದವರು ಮೊದಲು ಮುಖಾಮುಖಿಯಾದದ್ದು ಗೋವಾದ ಕೋಟೆಬಾಗಿಲಲ್ಲಿ ಅಲ್ಲ, ಅಂಜುದೀವದ ದಡದಲ್ಲಿ. ಆ ಸಂಗತಿ ಮುಂದೆ ಬರುತ್ತದೆ.

ಹೆಸರು. ಎರಡು ವಿವರಣೆಗಳು ಬಳಕೆಯಲ್ಲಿವೆ. ಒಂದರ ಪ್ರಕಾರ ಇದು ಅಜದ್ವೀಪ, ಅಂದರೆ ಹುಟ್ಟಿಲ್ಲದವಳಾದ ಅಜಾದುರ್ಗೆಯ ದ್ವೀಪ. ಆ ದೇವಿಯೇ ಜನರ ಬಾಯಲ್ಲಿ ಆರ್ಯಾದುರ್ಗೆಯಾದಳು. ಇನ್ನೊಂದು, ಐದು ಎಂಬರ್ಥದ ತಮಿಳು-ಮಲಯಾಳದ 'ಅಂಜು' ಮತ್ತು 'ದೀವ' ಸೇರಿ ಐದು ದ್ವೀಪ ಎಂಬುದು. ಕೂರ್ಮಗಡ, ದೇವಗಡ ಮೊದಲಾದ ನಡುಗಡ್ಡೆಗಳು ಹತ್ತಿರದಲ್ಲೇ ಇರುವುದರಿಂದ ಈ ಎಣಿಕೆಗೂ ಆಧಾರವಿದೆ. ಆದರೆ ಐದರ ಹೆಸರು ಒಂದಕ್ಕೇ ಏಕೆ ಅಂಟಿತು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ದೇವಿಯ ಹೆಸರೇ ದ್ವೀಪಕ್ಕೆ ಬಂತೆನ್ನುವುದು ಹೆಚ್ಚು ಒಪ್ಪುವ ಮಾತು. ಕನ್ನಡದ ಕಿವಿಗೆ 'ಅಂಜು' ಎಂದರೆ ಹೆದರಿಕೆ. ಆ ಅರ್ಥಕ್ಕೂ ಹೆಸರಿಗೂ ಸಂಬಂಧವಿಲ್ಲ, ಆದರೂ ಇಲ್ಲಿ ಸತ್ತವರ ಲೆಕ್ಕ ಓದುವಾಗ ಅದು ನೆನಪಾಗದೆ ಇರುವುದಿಲ್ಲ. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ಹೇಳುವ 'ಐಗಿಡಿಯಾನ್' ಇದೇ ದ್ವೀಪವೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ.

ಇಬ್ನ್ ಬತೂತ ಕಂಡ ಗುಡಿ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ 1342ರಲ್ಲಿ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆಂದು ದಿಲ್ಲಿ ಬಿಟ್ಟ. ಗೋವಾ ದಾಟಿದ ಮೇಲೆ, ಹೊನ್ನಾವರ ಮುಟ್ಟುವ ಮೊದಲು, ದಡಕ್ಕೆ ಹತ್ತಿರವಿದ್ದ ಸಣ್ಣ ದ್ವೀಪವೊಂದರಲ್ಲಿ ಅವನ ಹಡಗು ಲಂಗರು ಹಾಕಿತು. ಅಲ್ಲೊಂದು ಗುಡಿ, ಒಂದು ತೋಟ, ಒಂದು ಕೊಳ. ಇದು ಅಂಜುದೀವವೇ ಎಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ.

ಗುಡಿಯ ಗೋಡೆಗೆ ಒರಗಿ, ಎರಡು ವಿಗ್ರಹಗಳ ನಡುವೆ ಒಬ್ಬ ಜೋಗಿ ಕೂತಿದ್ದ. ಮಾತಾಡಿಸಿದರೆ ಮಾತಿಲ್ಲ. ಇವನ ಬಳಿ ತಿನ್ನಲು ಏನಾದರೂ ಇದೆಯೇ ಎಂದು ಬಂದವರು ಅತ್ತಿತ್ತ ನೋಡಿದರು, ಏನೂ ಕಾಣಲಿಲ್ಲ. ಅಷ್ಟರಲ್ಲಿ ಜೋಗಿ ಒಮ್ಮೆ ಜೋರಾಗಿ ಕೂಗಿದ. ತೆಂಗಿನಕಾಯಿಯೊಂದು ಅವನ ಮುಂದೆ ಬಿತ್ತು. ಅದನ್ನು ಇವರಿಗೇ ಕೊಟ್ಟ. ಹಣ ಕೊಟ್ಟರೆ ಮುಟ್ಟಲಿಲ್ಲ, ಬುತ್ತಿ ಕೊಟ್ಟರೂ ಬೇಡವೆಂದ. ಅವನ ಮುಂದೆ ಒಂಟೆಯ ಕೂದಲಿನ ನಿಲುವಂಗಿ ಬಿದ್ದಿತ್ತು. ಇಬ್ನ್ ಬತೂತ ಅದನ್ನು ಎತ್ತಿ ನೋಡಿದ್ದೇ ತಡ, ನೀನೇ ಇಟ್ಟುಕೋ ಎಂಬಂತೆ ಕೊಟ್ಟುಬಿಟ್ಟ. ಇಬ್ನ್ ಬತೂತನ ಕೈಯಲ್ಲಿದ್ದ ಜಪಮಣಿಯ ಸರವನ್ನು ಮುಟ್ಟಿ ನೋಡಿದ, ಕೊಟ್ಟಾಗ ಉಜ್ಜಿದ, ಮೂಸಿದ, ಮುತ್ತಿಟ್ಟ. ಆಮೇಲೆ ಆಕಾಶದ ಕಡೆ ಒಮ್ಮೆ, ಮೆಕ್ಕಾದ ದಿಕ್ಕಿಗೆ ಒಮ್ಮೆ ಕೈ ತೋರಿಸಿದ. ಜೊತೆಯವರಿಗೆ ಇದೇನೆಂದು ಅರ್ಥವಾಗಲಿಲ್ಲ. ಇವನು ಗುಟ್ಟಾಗಿ ಮುಸಲ್ಮಾನನೇ ಇರಬೇಕೆಂದು ಇಬ್ನ್ ಬತೂತ ತಿಳಿದುಕೊಂಡ. ಹೊರಡುವಾಗ ಜೋಗಿ ಅವನ ಬಟ್ಟೆ ಹಿಡಿದೆಳೆದು ಯಾರಿಗೂ ಕಾಣದಂತೆ ಹತ್ತು ದಿನಾರು ಕೈಗಿತ್ತ. ಸಂಗತಿ ತಿಳಿದು ಜೊತೆಯವರು ತಿರುಗಿ ಹೋಗಿ ನೋಡಿದರೆ ಜೋಗಿ ಅಲ್ಲಿರಲಿಲ್ಲ.

ಇದರಲ್ಲಿ ನಡೆದದ್ದೆಷ್ಟು, ಕಥೆಗಾರ ಸೇರಿಸಿದ್ದೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಜೋಗಿಯ ಮತ ಯಾವುದೆಂಬ ತೀರ್ಮಾನವೂ ಇಬ್ನ್ ಬತೂತನದೇ, ಜೋಗಿ ಬಾಯಿ ಬಿಟ್ಟು ಹೇಳಿದ್ದಲ್ಲ. ನಮಗೆ ಬೇಕಾದ ಸಂಗತಿ ಬೇರೆ: 14ನೆಯ ಶತಮಾನದಲ್ಲಿ ಇಲ್ಲಿ ವಿಗ್ರಹಗಳಿದ್ದ ಗುಡಿಯಿತ್ತು, ಅದಕ್ಕೆ ತೋಟ ಮತ್ತು ಕೊಳ ಇದ್ದವು, ದಾರಿಹೋಕ ಹಡಗಿನವರು ಇಳಿದು ನೋಡಿಬರುತ್ತಿದ್ದರು.

ಮೂರು ಕರಿಕಲ್ಲುಗಳು. 1498ರ ಸೆಪ್ಟೆಂಬರಿನಲ್ಲಿ, ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೋ ಡ ಗಾಮ ಹಡಗುಗಳ ದುರಸ್ತಿಗೂ ನೀರಿಗೂ ಅಂಜುದೀವದಲ್ಲಿ ನಿಂತ. ಅವನ ಜೊತೆಗಿದ್ದವನೊಬ್ಬ ಬರೆದ ದಿನಚರಿ ಉಳಿದುಬಂದಿದೆ. ಕೆತ್ತಿದ ಕಲ್ಲಿನಿಂದ ಕಟ್ಟಿದ ದೊಡ್ಡ 'ಇಗರ್ಜಿ'ಯೊಂದು ಅಲ್ಲಿ ಹಾಳುಬಿದ್ದಿತ್ತು ಎನ್ನುತ್ತಾನೆ ಆತ. ಪೋರ್ಚುಗೀಸರಿಗೆ ಆಗಿನ್ನೂ ಗುಡಿಯೆಲ್ಲ ಇಗರ್ಜಿಯಂತೆಯೇ ಕಾಣುತ್ತಿತ್ತು. ಉಳಿದಿದ್ದ ಒಂದು ಭಾಗಕ್ಕೆ ಹುಲ್ಲು ಹೊದಿಸಿದ್ದರು. ಅದರ ನಡುವೆ ಮೂರು ಕರಿಕಲ್ಲುಗಳು, ಜನ ಅವಕ್ಕೆ ಕೈಮುಗಿಯುತ್ತಿದ್ದರು. ಪಕ್ಕದಲ್ಲಿ ಅದೇ ಬಗೆಯ ಕಲ್ಲುಕಟ್ಟಡದ ಕೊಳ. ಗುಡಿಯನ್ನು ಕೆಡವಿದವರು ಮುಸಲ್ಮಾನರು ಎಂದು ಸ್ಥಳೀಯರು ತಿಳಿಸಿದರಂತೆ. ಆ ದೇವಿ ಈಗ ನೆಲೆಸಿರುವ ಅಂಕೋಲೆಯ ಭಕ್ತರಲ್ಲಿ ನಡೆದುಬಂದ ಐತಿಹ್ಯ ದೇವಿ ದ್ವೀಪ ಬಿಟ್ಟದ್ದಕ್ಕೆ ಪೋರ್ಚುಗೀಸರನ್ನು ಕಾರಣ ಮಾಡುತ್ತದೆ. ಎರಡೂ ಮಾತು ಒಟ್ಟಿಗೆ ನಿಜವಾಗಿರಬಹುದು. ಒಮ್ಮೆ ಬಿದ್ದ ಗುಡಿಯಲ್ಲಿ ಹುಲ್ಲಿನ ಮಾಡಿನಡಿ ಪೂಜೆ ನಡೆದಿತ್ತು. ಕೋಟೆ ಕಟ್ಟುವವರು ಬಂದ ಮೇಲೆ ಅದಕ್ಕೂ ಜಾಗವಿಲ್ಲವಾಯಿತು.

ವಿಜಾಪುರದ ದೂತ. ಗಾಮ ಅಲ್ಲಿರುವಾಗಲೇ ದೋಣಿಯಲ್ಲಿ ಒಬ್ಬ ಬಂದಿಳಿದ. ವಯಸ್ಸು ಸುಮಾರು ನಲವತ್ತು, ಮೈಮೇಲೆ ನಾರುಬಟ್ಟೆ, ತಲೆಗೆ ಚೆಂದದ ಟೊಪ್ಪಿ, ಸೊಂಟದಲ್ಲಿ ಕತ್ತಿ. ವೆನಿಸಿನ ಭಾಷೆಯನ್ನು ಸಲೀಸಾಗಿ ಆಡಿ, ಹಳೆಯ ಗೆಳೆಯರನ್ನು ಕಂಡವನಂತೆ ಕಪ್ತಾನರನ್ನು ತಬ್ಬಿಕೊಂಡ. ತನ್ನ ಒಡೆಯನ ಬಳಿ ನಲವತ್ತು ಸಾವಿರ ಕುದುರೆ ಸವಾರರಿದ್ದಾರೆ ಎಂದ. ಆ ಒಡೆಯನನ್ನು ಪೋರ್ಚುಗೀಸರು 'ಸಬಾಯೊ' ಎಂದು ಕರೆದರು. ವಿಜಾಪುರದ ಯೂಸುಫ್ ಆದಿಲ್ ಖಾನನೆಂದೇ ಸಾಮಾನ್ಯವಾಗಿ ಗುರುತಿಸುತ್ತಾರೆ. ಮಾತು ಅತಿಯಾದಾಗ ಗಾಮನಿಗೆ ಸಂಶಯ ಬಂತು. ಕಟ್ಟಿ ಹೊಡೆಸಿದ ಮೇಲೆ, ಹಡಗುಗಳ ಬಲಾಬಲ ನೋಡಿಬರಲು ತನ್ನನ್ನು ಕಳಿಸಿದ್ದೆಂದು ಆತ ಒಪ್ಪಿಕೊಂಡ. ಮೂಲತಃ ಯೂರೋಪಿನ ಯೆಹೂದಿ. ಗಾಮ ಅವನನ್ನು ಪೋರ್ಚುಗಲ್ಲಿಗೆ ಕರೆದೊಯ್ದ. ಅಲ್ಲಿ ದೀಕ್ಷಾಸ್ನಾನವಾಗಿ ಗಾಸ್ಪರ್ ಡ ಗಾಮ ಎಂಬ ಹೆಸರು ಪಡೆದು, 1500ರಲ್ಲಿ ಪೋರ್ಚುಗೀಸ್ ನೌಕಾನಾಯಕ ಕಬ್ರಾಲನ ದುಭಾಷಿಯಾಗಿ ಬ್ರೆಜಿಲ್ ಮಾರ್ಗವಾಗಿ ಮತ್ತೆ ಇದೇ ಕರಾವಳಿಗೆ ಬಂದ. ವಿಜಾಪುರದ ಸೇವೆಯಲ್ಲಿದ್ದವನೊಬ್ಬ ಬ್ರೆಜಿಲಿನ ಮಣ್ಣು ತುಳಿದದ್ದು ನಮ್ಮ ಆದಿಲಶಾಹಿ ಚರಿತ್ರೆಗಳಲ್ಲಿ ಬರಬೇಕಾದ ಮಾತು. ಗೋಳಗುಮ್ಮಟದ ಗುಂಗಿನಲ್ಲಿ ನಾವು ಇಂಥವನ್ನು ಬಿಟ್ಟುಬಿಡುತ್ತೇವೆ.

ಕೋಟೆಗಳು. 1505ರ ಸೆಪ್ಟೆಂಬರಿನಲ್ಲಿ ಪೋರ್ಚುಗೀಸ್ ಅಧಿಕಾರಿ ಫ್ರಾನ್ಸಿಸ್ಕೊ ದ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಲು ಹಚ್ಚಿದ. ಕೋಟೆಗಳು ಎದ್ದ ಮೇಲೆಯೇ ವೈಸರಾಯ್ ಎನಿಸಿಕೊಳ್ಳಬೇಕೆಂದು ಅವನ ದೊರೆಯ ಅಪ್ಪಣೆಯಿತ್ತು. ಮರುವರ್ಷ ಗೋವಾದಿಂದ ವಿಜಾಪುರದ ನೌಕಾಬಲ ಬಂದು ಮುತ್ತಿತು. ಅದನ್ನು ನಡೆಸಿದವನು ಮತಾಂತರಗೊಂಡು ಅಬ್ದುಲ್ಲ ಎನಿಸಿಕೊಂಡಿದ್ದ ಒಬ್ಬ ಪೋರ್ಚುಗೀಸನೇ ಎಂದು ಅವರ ಚರಿತ್ರಕಾರರೇ ಬರೆದಿದ್ದಾರೆ. ಕೋಟೆ ಬೀಳಲಿಲ್ಲ. ಆದರೆ ಮಳೆಗಾಲದಲ್ಲಿ ನೆರವು ಮುಟ್ಟಿಸಲಾಗದ ಇಂಥ ಜಾಗ ಇಟ್ಟುಕೊಂಡು ಪ್ರಯೋಜನವಿಲ್ಲವೆಂದು ಪೋರ್ಚುಗೀಸರೇ ಅದನ್ನು ಕೆಡವಿ ಹೊರಟರು. 1510ರಲ್ಲಿ ಗೋವಾವನ್ನು ಒಮ್ಮೆ ಗೆದ್ದು, ವಿಜಾಪುರದ ಸೈನ್ಯಕ್ಕೆ ಬಿಟ್ಟುಕೊಟ್ಟು ಬಂದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ದಣಿವಾರಿಸಿಕೊಂಡದ್ದೂ ಇಲ್ಲೇ. ಅದೇ ನವೆಂಬರ್ 25ರಂದು ಅವನು ಗೋವಾವನ್ನು ಮತ್ತೆ ಹಿಡಿದ. ಆ ಮೇಲೆ ಅಂಜುದೀವ ಒಂದೂವರೆ ಶತಮಾನ ಹೆಚ್ಚುಕಡಿಮೆ ಪಾಳುಬಿತ್ತು.

ಇಂಗ್ಲಿಷರ ಪಾಲಿಗೆ ಇದು ಸ್ಮಶಾನ. 1661ರ ಒಪ್ಪಂದದಂತೆ ಮುಂಬಯಿ ಎರಡನೆಯ ಚಾರ್ಲ್ಸ್ ದೊರೆಗೆ ಬಳುವಳಿಯಾಗಿ ಬಂದಿತ್ತು. ಅದನ್ನು ವಶಕ್ಕೆ ಪಡೆಯಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಡನೆ ಬಂದರೆ, ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲವೆಂದು ಬಿಟ್ಟುಕೊಡಲಿಲ್ಲ. ಬೇರೆ ಗತಿಯಿಲ್ಲದೆ ಪಡೆ ಅಂಜುದೀವದಲ್ಲಿ ಇಳಿಯಿತು. ಸೂರಿಲ್ಲ, ಸರಿಯಾದ ಊಟವಿಲ್ಲ, ಮೇಲೆ ಉತ್ತರ ಕನ್ನಡದ ಮಳೆ, ಜ್ವರ. 1664ರಲ್ಲಿ ಶಿಪ್‌ಮನ್ ತಾನೂ ಅಲ್ಲೇ ತೀರಿಕೊಂಡ. 1665ರ ಫೆಬ್ರವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬಯಿಯನ್ನು ವಹಿಸಿಕೊಳ್ಳುವಾಗ ಅವನೊಂದಿಗೆ ಬದುಕಿ ಉಳಿದಿದ್ದವರು ನೂರರ ಆಸುಪಾಸು. ಮುಂಬಯಿಯ ಬ್ರಿಟಿಷ್ ಆಳ್ವಿಕೆಯ ಮೊದಲ ಪುಟದಲ್ಲಿ ಕಾರವಾರದ ಕಡಲಿನ ಈ ಗೋರಿಗಳಿವೆ.

1682ರಲ್ಲಿ ಮರಾಠ ದೊರೆ ಸಂಭಾಜಿ ಇಲ್ಲಿ ನೆಲೆ ಮಾಡಲು ಹೊರಟಾಗ ಪೋರ್ಚುಗೀಸರು ಮೊದಲೇ ಬಂದು ಕೋಟೆ ಎಬ್ಬಿಸಿದರು. ಈ ಸಲ ಸುಮಾರು ಮುನ್ನೂರು ವರ್ಷ ಅಲ್ಲಾಡಲಿಲ್ಲ. ಬ್ರೋತಾಸ್ ಮಾತೆಯ ಇಗರ್ಜಿ ಎದ್ದುನಿಂತಿತು. ಬ್ರೋತಾಸ್ ಎಂದರೆ ಒರತೆಗಳು ಎಂದು ಅರ್ಥ ಹೇಳುತ್ತಾರೆ. ಹಡಗಿನವರನ್ನೆಲ್ಲ ಕರೆತಂದ ಸಿಹಿನೀರೇ ಆ ಮಾತೆಯ ಹೆಸರಲ್ಲೂ ಉಳಿಯಿತು. ದೇವಿ ಹೋದ ನೆಲದಲ್ಲಿ ಇನ್ನೊಬ್ಬ ತಾಯಿ ನೆಲೆಗೊಂಡಳು. 

ಹೋಲಿಕೆ. ಕಡಲಂಚಿನ ತಾಯಿಗುಡಿಗಳು ನಮ್ಮಲ್ಲಷ್ಟೇ ಇರುವುದಲ್ಲ. ವಿಯೆಟ್ನಾಮಿನ ದಕ್ಷಿಣದ ವುಂಗ್ ತಾವ್ ಪಟ್ಟಣದ ತುದಿಯಲ್ಲಿ ಹೊನ್ ಬಾ ಎಂಬ ಪುಟ್ಟ ಬಂಡೆಗಡ್ಡೆಯಿದೆ. ಹೆಸರಿನ ಅರ್ಥವೇ ಅಮ್ಮನ ಗಡ್ಡೆ. ಅದರ ಮೇಲೆ ಕಡಲದೇವಿಯ ಗುಡಿ. ಭರತದಲ್ಲಿ ಸುತ್ತ ನೀರು, ಇಳಿತ ಪೂರ್ತಿಯಾದಾಗ ಕಲ್ಲುಗಳ ದಾರಿ ಬಾಯಿಬಿಡುತ್ತದೆ. ಜನ ನಡೆದುಹೋಗಿ, ಊದಿನಕಡ್ಡಿ ಹಚ್ಚಿ, ನೀರು ಏರುವುದರೊಳಗೆ ತಿರುಗಿ ಬರುತ್ತಾರೆ. ಅದೇ ದೇಶದ ನ್ಯಾ ತ್ರಾಂಗ್ ನಗರದ ಪೊ ನಗರ್ ಗುಡಿಯ ಕಥೆ ಅಂಜುದೀವಕ್ಕೆ ಇನ್ನೂ ಹತ್ತಿರದ್ದು. ಚಂಪಾ ರಾಜ್ಯದ ಸಂಸ್ಕೃತ ಶಾಸನಗಳಲ್ಲಿ ಅಲ್ಲಿನ ದೇವಿ ಭಗವತಿ. 774ರಲ್ಲಿ ಕಡಲಿನಿಂದ ಬಂದ ದಾಳಿಕೋರರು ಗುಡಿ ಸುಟ್ಟರು. 784ರಲ್ಲಿ ಸತ್ಯವರ್ಮ ಅದನ್ನು ಮತ್ತೆ ಕಟ್ಟಿಸಿದ. ಚಂಪಾ ಅಳಿದ ಮೇಲೆ ವಿಯೆಟ್ನಾಮೀಯರು ಅದೇ ದೇವಿಯನ್ನು ತಮ್ಮ ಹೆಸರಿನಿಂದ ಪೂಜಿಸತೊಡಗಿದರು. ಅಲ್ಲಿ ದೇವಿ ಉಳಿದು ಭಕ್ತರು ಬದಲಾದರು, ಅಂಜುದೀವದಲ್ಲಿ ಭಕ್ತರೇ ದೇವಿಯನ್ನು ದಡಕ್ಕೆ ಕರೆದುತಂದರು.

1961 ಮತ್ತು ಅನಂತರ. ಗೋವಾ ವಿಮೋಚನೆಗೆ ಒಂದು ತಿಂಗಳ ಮುಂಚೆ, 1961ರ ನವೆಂಬರಿನಲ್ಲಿ, ಇಲ್ಲಿನ ಪೋರ್ಚುಗೀಸ್ ಕಾವಲುಪಡೆ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿತು. ಡಿಸೆಂಬರ್ 18ರ ಬೆಳಿಗ್ಗೆ 'ತ್ರಿಶೂಲ' ಮತ್ತು 'ಮೈಸೂರು' ಯುದ್ಧನೌಕೆಗಳು ದ್ವೀಪಕ್ಕೆ ಸೈನಿಕರನ್ನು ಇಳಿಸಿದವು. ಕೋಟೆಯವರು ಬಿಳಿಬಾವುಟ ತೋರಿಸಿ ಆಮೇಲೆ ಗುಂಡು ಹಾರಿಸಿದರೆಂದು ನೌಕಾಪಡೆಯ ದಾಖಲೆ ಹೇಳುತ್ತದೆ. ಏಳು ಭಾರತೀಯ ನಾವಿಕರು ಮಡಿದರು, ದ್ವೀಪ ವಶವಾಯಿತು.

1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅದರ ಸಲುವಾಗಿ ದಡದ ಮೇಲಿನ ಹಲವು ಊರುಗಳನ್ನು ತೆರವು ಮಾಡಿಸಿದರು. 'ಸೀಬರ್ಡ್ ನಿರಾಶ್ರಿತರು' ಎಂಬ ಮಾತು ಇಂದಿಗೂ ಕಾರವಾರ, ಅಂಕೋಲೆಗಳ ದಿನಬಳಕೆಯಲ್ಲಿದೆ. 2005ರ ಮೇ 31ರಂದು ಆ ನೆಲೆಯ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅಲೆತಡೆಗೋಡೆ ಕಟ್ಟಿ ಅಂಜುದೀವವನ್ನು ದಡಕ್ಕೆ ಜೋಡಿಸಿದ್ದಾರೆ. ಹೊನ್ ಬಾಕ್ಕೆ ದಾರಿ ಬಿಡುವುದು ಕಡಲು, ಅದೂ ಕೆಲವೇ ತಾಸು. ಇಲ್ಲಿ ಹಗಲೂರಾತ್ರಿ ನೀರಿನ ಮೇಲೆ ನಿಂತ ಕಲ್ಲಿನ ದಾರಿಯಿದೆ, ಜನಸಾಮಾನ್ಯರಿಗೆ ಪ್ರವೇಶವಿಲ್ಲ. ಇಗರ್ಜಿಯ ವಾರ್ಷಿಕ ಹಬ್ಬಕ್ಕೆ ಹೋಗಿಬರುತ್ತಿದ್ದ ಗೋವಾದ ಕ್ರೈಸ್ತರಿಗೂ ಬಾಗಿಲು ಮುಚ್ಚಿತು. ದೇಶದ ರಕ್ಷಣೆ ದೊಡ್ಡ ಮಾತೇ ಸರಿ. ವರ್ಷಕ್ಕೊಂದು ದಿನ ಹಬ್ಬದವರಿಗೂ ಚರಿತ್ರೆ ಓದುವವರಿಗೂ ಕಾವಲಿನಲ್ಲೇ ಬಿಟ್ಟರೆ ಅದಕ್ಕೆ ಕುಂದು ಬರಲಾರದು.

ಕಾರವಾರದ ಕಡಲಲ್ಲಿ ಗುಡಿಯಿರುವ ನಡುಗಡ್ಡೆ ನೋಡಲೇಬೇಕೆನ್ನುವವರಿಗೆ ಕೂರ್ಮಗಡವಿದೆ. ಆಮೆಯಂತೆ ಕಾಣುವ ಈ ಗಡ್ಡೆಯ ಮೇಲಿನ ನರಸಿಂಹ ದೇವರಿಗೆ ಪುಷ್ಯ ಹುಣ್ಣಿಮೆಗೆ ಜಾತ್ರೆ. ಜನ ಬಾಳೆಹಣ್ಣಿನ ಹರಕೆ ಹೊತ್ತು ದೋಣಿಗಳಲ್ಲಿ ಹೋಗುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಹೋಗುವವರು ಜೀವರಕ್ಷಕ ಜಾಕೆಟ್ ಕೊಡದ ದೋಣಿಯನ್ನು ಹತ್ತಬಾರದು.

ಅಂಜುದೀವದ ದೇವಿಯನ್ನು ಕಾಣಲು ದೋಣಿಯೂ ಬೇಡ, ಅಪ್ಪಣೆಯೂ ಬೇಡ. ಅವಳು ಅಂಕೋಲೆಯ ಆರ್ಯಾದುರ್ಗಾ ದೇವಸ್ಥಾನದಲ್ಲಿದ್ದಾಳೆ, ಹಲವು ಮನೆತನಗಳ ಕುಲದೇವತೆಯಾಗಿ. ವಿಜಯಪುರವನ್ನು ಹಾದು ಹುಬ್ಬಳ್ಳಿಯ ಮೇಲೆ ಘಟ್ಟ ಇಳಿಯುವ ರಾಷ್ಟ್ರೀಯ ಹೆದ್ದಾರಿ 52 ಮುಗಿಯುವುದು ಆ ಅಂಕೋಲೆಯಲ್ಲೇ.