ಗ್ರಾಫಿಕ್ಸ್ ಕಾರ್ಡ್ ಬಂತು, ಈಗ ಪ್ರೊಸೆಸರ್ ಯಾವುದು?

(1/4)
ಅರಸೀಕೆರೆಯಲ್ಲಿ ಬೆಳಗಿನ ರೈಲು ಹತ್ತಿ, ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಿ ಗ್ರಾಫಿಕ್ಸ್ ಕಾರ್ಡ್ ತರೋರು ನಮ್ಮ ಬೇಲೂರು, ಹಳೇಬೀಡು ಕಡೆ ಹುಡುಗರಲ್ಲಿ ಕಡಿಮೆ ಇಲ್ಲ. ತಂದು ಹಾಕಿದ್ಮೇಲೆ ಮೆಸೇಜ್ ಬರುತ್ತೆ: "ಗುರು, ಗೇಮ್ ಇನ್ನೂ ಜರ್ಕ್ ಹೊಡೀತಿದೆ. ಪ್ರೊಸೆಸರ್ ಬದಲಾಯಿಸ್ಬೇಕಾ?" ಈ ಪ್ರಶ್ನೆ ಹಿಂದೆ ಸುಮಾರು 30 ವರ್ಷದ ಚರಿತ್ರೆ ಇದೆ. ಅದು ಗೊತ್ತಿದ್ರೆ ಮನೆಯವರ ಕೊಬ್ಬರಿ ದುಡ್ಡು ಉಳಿಯುತ್ತೆ.

ಮೊದಲು ಈ ಜೋಡಿ ಲೆಕ್ಕವೇ ಇರಲಿಲ್ಲ. 1993ರಲ್ಲಿ ಡೂಮ್ ಬಂದಾಗ ಪರದೆಯ ಪ್ರತಿ ಚುಕ್ಕೆಯ ಬಣ್ಣವನ್ನೂ ಪ್ರೊಸೆಸರೇ ಲೆಕ್ಕ ಹಾಕ್ತಿತ್ತು. 1996ರ ಕ್ವೇಕ್‌ನಲ್ಲಿ ದಶಾಂಶದ ಲೆಕ್ಕ ಜಾಸ್ತಿ. ಆಫೀಸ್ ಕೆಲಸದಲ್ಲಿ ಪೆಂಟಿಯಂಗೆ ಸಮನಾಗಿ ಓಡ್ತಿದ್ದ ಸಿರಿಕ್ಸ್ 6ಎಕ್ಸ್86 ಅಲ್ಲಿ ಏದುಸಿರು ಬಿಟ್ಟಿತು.

(2/4)
ಅದೇ 1996ರಲ್ಲಿ ತ್ರೀಡಿಎಫ್ಎಕ್ಸ್ ಕಂಪನಿಯ ವೂಡೂ ಕಾರ್ಡ್ ಬಂತು. ತ್ರೀಡಿ ಬಿಟ್ಟು ಬೇರೇನೂ ಬರ್ತಿರಲಿಲ್ಲ ಅದಕ್ಕೆ. ಮಾಮೂಲಿ ಪರದೆಗೆ ಇನ್ನೊಂದು ಕಾರ್ಡ್ ಇಟ್ಟು, ಎರಡರ ನಡುವೆ ಕೇಬಲ್ ಹಾಕ್ಬೇಕಿತ್ತು! ಆದ್ರೂ ಬಣ್ಣ ತುಂಬೋ ಕೆಲಸ ಪ್ರೊಸೆಸರ್ ಕೈಬಿಟ್ಟು ಹೋಯ್ತು. 1999ರಲ್ಲಿ ಎನ್‌ವಿಡಿಯಾದ ಜೀಫೋರ್ಸ್ 256, ಆಕಾರ ತಿರುಗಿಸೋ ಮತ್ತು ಬೆಳಕು ಬೀಳಿಸೋ ಲೆಕ್ಕವನ್ನೂ ತಾನೇ ಮಾಡೋಕೆ ಶುರು ಮಾಡ್ತು.

ಉಳಿದಿದ್ದೇನು? ಶತ್ರು ಎಲ್ಲಿಗೆ ಹೋಗ್ಬೇಕು, ಗುಂಡು ಯಾರಿಗೆ ತಗುಲ್ತು, ಮುಂದಿನ ಫ್ರೇಮಲ್ಲಿ ಏನೇನು ಬಿಡಿಸ್ಬೇಕು ಅಂತ ಕಾರ್ಡಿಗೆ ಹೇಳೋದು. ಇದು ಇವತ್ತಿಗೂ ಬಹುಪಾಲು ಪ್ರೊಸೆಸರ್ ಕೆಲಸ.

ನಮ್ಮ ತೆಂಗಿನ ತೋಟ ನೆನೆಸ್ಕೊಳ್ಳಿ. ಕಾಯಿ ಕೀಳೋನು ಪ್ರೊಸೆಸರ್, ಕೆಳಗೆ ಸುಲಿಯೋ ಗುಂಪು ಗ್ರಾಫಿಕ್ಸ್ ಕಾರ್ಡ್. ಕೀಳೋನು ನಿಧಾನ ಆದ್ರೆ ಸುಲಿಯೋರು ಬೀಡಿ ಹಚ್ಕೊಂಡು ಕೂರ್ತಾರೆ. ಇನ್ನೂ ನಾಲ್ಕು ಜನ ಸುಲಿಯೋರನ್ನ ಕರೆಸಿದ್ರೂ ಅಷ್ಟೇ. ರೆಸಲ್ಯೂಷನ್ ಏರಿಸೋದು ಅಂದ್ರೆ ಕಾಯಿ ಸಿಪ್ಪೆ ದಪ್ಪ ಆದಂಗೆ: ಸುಲಿಯೋರಿಗೆ ಹೊತ್ತು ಹಿಡಿಯುತ್ತೆ, ಕೀಳೋನ ನಿಧಾನ ಕಾಣಲ್ಲ. ಅದಕ್ಕೇ 1080ಪಿಯಲ್ಲಿ ಒದ್ದಾಡೋ ಪ್ರೊಸೆಸರ್ 1440ಪಿಯಲ್ಲಿ ಸಾಕಾಗ್ಬಹುದು.

(3/4)
ಇನ್ನು ಕೋರ್ ಎಣಿಸೋ ಚಟ. 2008ರಲ್ಲಿ ಇಂಟೆಲ್‌ನ ಆರು ಕೋರಿನ ಜಿಯಾನ್ ಬಂತು, ಡನಿಂಗ್‌ಟನ್ ಅಂತ ಒಳಹೆಸರು. ವಿನ್ಯಾಸ ಮಾಡಿದ್ದು ನಮ್ಮ ಬೆಂಗಳೂರಿನ ತಂಡ! ಹೆಮ್ಮೆಯೇ, ಆದ್ರೆ ಅದು ಸರ್ವರ್‌ಗಳಿಗೆ. ಆ ಕಾಲದ ಹೆಚ್ಚಿನ ಗೇಮ್‌ಗಳಿಗೆ ಆರು ಕೋರ್ ಬಳಸ್ಕೊಳ್ಳೋಕೇ ಬರ್ತಿರಲಿಲ್ಲ. ಈಗಲೂ ಎಂಟನೇ ಕೋರಿಗಿಂತ ಒಂದೊಂದು ಕೋರಿನ ವೇಗ, ಕ್ಯಾಷ್ ಮೆಮೊರಿ ಗೇಮಿಗೆ ಮುಖ್ಯ ಅಂತ ನನ್ನ ಅಭಿಪ್ರಾಯ. 2022ರ ರೈಜನ್ 7 5800ಎಕ್ಸ್3ಡಿ ಗೆದ್ದಿದ್ದೇ 96 ಎಂಬಿ ಎಲ್3 ಕ್ಯಾಷ್‌ನಿಂದ.

ಸಾಕೆಟ್ ಕಥೆ ಬೇರೆ. 90ರ ದಶಕದ ಸಾಕೆಟ್ 7 ಬೋರ್ಡಲ್ಲಿ ಇಂಟೆಲ್, ಎಎಂಡಿ, ಸಿರಿಕ್ಸ್ ಮೂರೂ ಕೂರ್ತಿದ್ವು. 1997ರ ಪೆಂಟಿಯಂ 2ರಿಂದ ದಾರಿ ಬೇರೆಯಾಯ್ತು. 2017ರಲ್ಲಂತೂ ಇಂಟೆಲ್ 8ನೇ ತಲೆಮಾರಿನ ಚಿಪ್ಪು 7ನೇ ತಲೆಮಾರಿನ ಬೋರ್ಡಿಗೆ ಅಳತೆಯಲ್ಲಿ ಸರಿಹೋದ್ರೂ ಅಧಿಕೃತವಾಗಿ ಓಡ್ತಿರಲಿಲ್ಲ. ಎಎಂಡಿಯ ಎಎಂ4 ಮಾತ್ರ ವರ್ಷಗಟ್ಟಲೆ ಬಾಳಿತು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಮರೀಬೇಡಿ.

(4/4)
ಹಾಗಾದ್ರೆ ನೀವೇನು ಮಾಡ್ಬೇಕು? ಫ್ರೇಮ್ ಮಿತಿ ತೆಗೆದು, ಆಡುವಾಗ ಕಾರ್ಡಿನ ಬಳಕೆ ನೋಡಿ. 95 ಶೇಕಡಾ ದಾಟಿದ್ರೆ ಕಾರ್ಡ್ ತನ್ನ ಪೂರ್ತಿ ಶಕ್ತಿ ಹಾಕ್ತಿದೆ. ಹೊಸ ಪ್ರೊಸೆಸರ್‌ನಿಂದ ದೊಡ್ಡ ಲಾಭ ಇಲ್ಲ. 60-70ರಲ್ಲೇ ನಿಂತು ಜರ್ಕ್ ಹೊಡೆದ್ರೆ ಪ್ರೊಸೆಸರ್ ಮೇಲೆ ಅನುಮಾನ ಪಡಿ. ಪ್ರೊಸೆಸರ್ ಒಟ್ಟು ಬಳಕೆ 40 ಅಂತ ತೋರಿಸಿದ್ರೂ ನಂಬ್ಬೇಡಿ, ಒಂದು ಕೋರ್ 100ಕ್ಕೆ ಮುಟ್ಟಿರ್ಬಹುದು. ರ‍್ಯಾಮ್ ಒಂದೇ ಸ್ಟಿಕ್ ಇದ್ರೆ ಮೊದಲು ಅದನ್ನ ಎರಡು ಮಾಡಿ, ಅಗ್ಗದ ಔಷಧಿ.

ಎಎಂ4 ಬೋರ್ಡ್ ಇರೋರಿಗೆ ಒಂದು ಮಾತು. ರೈಜನ್ 5 5500, 5600 ಹೆಸರಲ್ಲಿ ಅಣ್ಣತಮ್ಮ, ಒಳಗೆ ಬೇರೆ. 5500ರಲ್ಲಿ ಎಲ್3 ಕ್ಯಾಷ್ 16 ಎಂಬಿ, ಪಿಸಿಐಇ 3. 5600ರಲ್ಲಿ 32 ಎಂಬಿ, ಪಿಸಿಐಇ 4. ಆರ್‌ಎಕ್ಸ್ 6500 ಎಕ್ಸ್‌ಟಿ ಥರ ಬರೀ ನಾಲ್ಕು ಲೇನಿನ ಕಾರ್ಡಿಗೆ ಪಿಸಿಐಇ 3 ಸಾಲಲ್ಲ, ಬೋರ್ಡ್ ಕೂಡ ಪಿಸಿಐಇ 4 ಇರ್ಬೇಕು. ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಹೆಸರಿದೆಯಾ ನೋಡಿ. ಬಯೋಸ್ ಅಪ್‌ಡೇಟ್ ಹಳೇ ಪ್ರೊಸೆಸರ್ ಕೂತಿರುವಾಗ್ಲೇ ಮಾಡ್ಕೊಳ್ಳಿ, ಅದನ್ನ ಮಾರಿದ್ಮೇಲೆ ಅಲ್ಲ.

#ಅರಸೀಕೆರೆ #ಬೇಲೂರು #ಹಳೇಬೀಡು #ಕಂಪ್ಯೂಟರ್_ಚರಿತ್ರೆ