ದಾವಣಗೆರೆ ಎಕ್ಸ್‌ಪ್ರೆಸ್: ವೇಗದ ಲೆಕ್ಕ, ವಿಕೆಟ್ ಲೆಕ್ಕ

ಮಂಡಕ್ಕಿ-ಮಿರ್ಚಿಯ ಊರಾದ ದಾವಣಗೆರೆಯಲ್ಲಿ, ಪಕ್ಕದ ಹರಿಹರದಲ್ಲಿ ಒಂದು ಕಾಲಕ್ಕೆ ರಣಜಿ ಋತು ಬಂತೆಂದರೆ ಅಭಿಮಾನಿಗಳ ಮುಂದಿದ್ದ ಪ್ರಶ್ನೆಗಳು ಎರಡು. ಈ ಸಲವಾದರೂ ಕರ್ನಾಟಕ ಗೆದ್ದೀತೇ? ನಮ್ಮ ವಿನಯ್ ಕುಮಾರ್ ಅವರಿಗೆ ವೇಗ ಸಾಲದೇ?

ಆತಂಕಕ್ಕೆ ಕಾರಣವಿತ್ತು. 1998-99ರ ನಂತರ ರಾಜ್ಯಕ್ಕೆ ರಣಜಿ ಟ್ರೋಫಿ ದಕ್ಕಿರಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಮುಂಬೈಗೆ ಸೋತದ್ದು ಬರೀ 6 ರನ್‌ಗಳಿಂದ.

1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದ ವಿನಯ್, ಭಾರತದ ಪರ ಆಡಿದ ಏಕೈಕ ಟೆಸ್ಟ್ 2012ರ ಪರ್ತ್ ಪಂದ್ಯ. 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಏಕದಿನ ಪಂದ್ಯದಲ್ಲಿ ಆಸ್ಟ್ರೇಲಿಯಕ್ಕೆ 9 ಓವರ್‌ಗಳಲ್ಲಿ 102 ರನ್ ಕೊಟ್ಟಾಗ, ವೇಗ ಸಾಲದೆಂಬ ವಾದಕ್ಕೆ ಬಲ ಬಂತು.

ಆದರೆ ರಣಜಿಯ ಲೆಕ್ಕವೇ ಬೇರೆ. ಏಕದಿನದಲ್ಲಿ ಬ್ಯಾಟ್ಸ್‌ಮನ್ ಮುನ್ನುಗ್ಗಿ ಹೊಡೆಯುತ್ತಾನೆ. ನಾಲ್ಕು ದಿನಗಳ ಪಂದ್ಯದಲ್ಲಿ ಕಾದು ಆಡುತ್ತಾನೆ. ಅಲ್ಲಿ ಒಂದೇ ಜಾಗದಲ್ಲಿ ಚೆಂಡು ಹಾಕುತ್ತಾ, ತುಸುವೇ ಸ್ವಿಂಗ್ ಮಾಡಿಸಿ ಬ್ಯಾಟಿನ ಅಂಚು ತಾಗಿಸುವ ಬೌಲರ್‌ಗೆ ವೇಗಕ್ಕಿಂತ ತಾಳ್ಮೆ ದೊಡ್ಡದು.

ಉತ್ತರ ಅದೇ ಋತುವಿನಲ್ಲಿ ಸಿಕ್ಕಿತು. 2014ರ ಫೆಬ್ರುವರಿಯಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ಟ್ರೋಫಿ ಎತ್ತಿದಾಗ ನಾಯಕ ವಿನಯ್. ಮರುವರ್ಷ ವಾಂಖೆಡೆಯ ಫೈನಲ್‌ನಲ್ಲಿ ತಮಿಳುನಾಡಿನ ಮೊದಲ ಇನಿಂಗ್ಸ್‌ನಲ್ಲಿ 34 ರನ್‌ಗೆ 5 ವಿಕೆಟ್ ಪಡೆದು, ಬ್ಯಾಟಿಂಗ್‌ನಲ್ಲಿ ಅಜೇಯ 105 ಗಳಿಸಿದರು; ಕರ್ನಾಟಕ ಇನಿಂಗ್ಸ್ ಮತ್ತು 217 ರನ್‌ಗಳಿಂದ ಗೆದ್ದಿತು.

2021ರಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆಯಲ್ಲಿ ಅವರ ವಿಕೆಟ್‌ಗಳು 500 ದಾಟಿದ್ದವು. ವೇಗದ ಚರ್ಚೆ ಮುಗಿಯದೆಯೇ ಉಳಿದಿದ್ದರೂ, ಟ್ರೋಫಿಯ ಚರ್ಚೆ ಮುಗಿದಿತ್ತು.